ಇಯರ್‌ವಿಗ್ ಕಿವಿಗೆ ಹೊಕ್ಕು ಮಿದುಳು ಸೇರುತ್ತದೆಯೇ? ತಪ್ಪು ಕಲ್ಪನೆಗಳು ಮತ್ತು ವಾಸ್ತವ

ಬಚ್ಚಲಿನ ಮೂಲೆ, ಹೂಕುಂಡದ ಅಡಿ, ಒದ್ದೆ ಗೋಣಿಚೀಲದ ಮಡಿಕೆ. ಇಂಥ ಕಡೆ ಕಂದು ಬಣ್ಣದ, ಚಪ್ಪಟೆಯಾದ, ಹಿಂಬದಿಯಲ್ಲಿ ಪುಟ್ಟ ಇಕ್ಕಳ ಹೊತ್ತ ಹುಳುವೊಂದನ್ನು ನೀವು ನೋಡಿರಬಹುದು. ಇಂಗ್ಲಿಷಿನಲ್ಲಿ ಅದಕ್ಕೆ ಇಯರ್‌ವಿಗ್ ಎಂದು ಹೆಸರು. ಮಲಗಿದವರ ಕಿವಿಗೆ ಹೊಕ್ಕು, ತಮಟೆ ಕೊರೆದು, ಮಿದುಳಿನಲ್ಲಿ ಮೊಟ್ಟೆ ಇಡುತ್ತದೆ ಎಂಬ ಮಾತು ಈ ಹುಳುವಿನ ಬೆನ್ನಿಗೇ ಅಂಟಿಕೊಂಡಿದೆ. ಆ ಮಾತು ನಿಜವಲ್ಲ. ಆದರೆ ಕಿವಿಗೆ ಹುಳು ಹೋಗುವುದೇ ಸುಳ್ಳಲ್ಲ. ಬೇರೆ ಹುಳುಗಳು ಹೋಗುತ್ತವೆ. ಆಗ ಕಿವಿಗೆ ಆಗುವ ಹಾನಿಯಲ್ಲಿ ಹೆಚ್ಚಿನದು ಗಾಬರಿಯಲ್ಲಿ ನಾವೇ ಮಾಡಿಕೊಳ್ಳುವಂಥದ್ದು. ಯಾವುದಕ್ಕೆ ಹೆದರಬೇಕಿಲ್ಲ, ಯಾವುದನ್ನು ಕಡೆಗಣಿಸಬಾರದು, ಹುಳು ಹೋದರೆ ಏನು ಮಾಡಬೇಕು ಎಂಬುದನ್ನು ಇಲ್ಲಿ ತಿಳಿಯೋಣ.

ಮುಖ್ಯಾಂಶಗಳು

- ಇಯರ್‌ವಿಗ್ ಕಿವಿಯನ್ನು ಹುಡುಕಿಕೊಂಡು ಬರುವುದಿಲ್ಲ, ತಮಟೆ ಕೊರೆಯುವುದಿಲ್ಲ, ಮಿದುಳು ಸೇರುವುದಿಲ್ಲ.
- ಅದಕ್ಕೆ ವಿಷವಿಲ್ಲ. ಅದು ಮನುಷ್ಯರಿಗೆ ರೋಗ ಹರಡುವ ಹುಳುವೂ ಅಲ್ಲ.
- ಕಿವಿಗೆ ಹೆಚ್ಚಾಗಿ ಹೋಗುವುದು ಜಿರಳೆ, ಇರುವೆ, ಪತಂಗದಂಥ ಹುಳುಗಳು. ಮಲೆನಾಡಿನಂಥ ಕಡೆ ಉಣುಗು ಕೂಡ.
- ಪಿನ್ನು, ಕಡ್ಡಿ, ಕಾದ ಎಣ್ಣೆ, ಸೀಮೆಎಣ್ಣೆ ಯಾವುದನ್ನೂ ಕಿವಿಗೆ ಹಾಕಬೇಡಿ.
- ಸೋರುವ ಕಿವಿಯಲ್ಲಿ ನೊಣ ಮೊಟ್ಟೆ ಇಡಬಹುದು. ಇದು ಕಲ್ಪನೆಯಲ್ಲ, ಚಿಕಿತ್ಸೆ ಬೇಕಾದ ಸ್ಥಿತಿ.

ಇಯರ್‌ವಿಗ್ ಎಂದರೇನು?

ಇಯರ್‌ವಿಗ್‌ಗಳಲ್ಲಿ ಜಗತ್ತಿನಾದ್ಯಂತ ಸುಮಾರು 2,000 ಬಗೆಗಳಿವೆ. ಹೆಚ್ಚಿನವು 1ರಿಂದ 2.5 ಸೆಂಟಿಮೀಟರ್ ಉದ್ದ ಇರುತ್ತವೆ. ಹಗಲು ಇಕ್ಕಟ್ಟಾದ, ಒದ್ದೆಯಾದ, ಕತ್ತಲ ಜಾಗದಲ್ಲಿ ಅಡಗಿದ್ದು ರಾತ್ರಿ ಹೊರಬರುತ್ತವೆ. ಕೊಳೆತ ಎಲೆ, ಹೂವಿನ ಎಸಳು, ಗಿಡಹೇನಿನಂಥ ಸಣ್ಣ ಹುಳುಗಳು ಇವುಗಳ ಆಹಾರ. ಹಿಂಬದಿಯ ಇಕ್ಕಳ ಗಂಡಿನಲ್ಲಿ ಸಾಮಾನ್ಯವಾಗಿ ಬಾಗಿರುತ್ತದೆ, ಹೆಣ್ಣಿನಲ್ಲಿ ಹೆಚ್ಚುಕಡಿಮೆ ನೇರವಾಗಿರುತ್ತದೆ. ಶತ್ರುವಿನಿಂದ ತಪ್ಪಿಸಿಕೊಳ್ಳಲು, ಬೇಟೆ ಹಿಡಿಯಲು ಅದು ಬಳಕೆಯಾಗುತ್ತದೆ. ಹೆಣ್ಣು ಹುಳು ಮಣ್ಣಿನಲ್ಲಿ ಮೊಟ್ಟೆ ಇಟ್ಟು, ಮರಿಯಾಗುವವರೆಗೂ ಅಲ್ಲೇ ಕಾವಲಿರುತ್ತದೆ. ಮಣ್ಣಿನ ತೇವ ಮತ್ತು ತಾಯಿಯ ಕಾವಲು ಸಿಗುವ ಜಾಗ ಅದಕ್ಕೆ ಬೇಕು. ಮನುಷ್ಯರ ಕಿವಿ ಅಂಥ ಜಾಗವಲ್ಲ.

ಭಯ ಬಂದದ್ದು ಹೆಸರಿನಿಂದ

ಹಳೆಯ ಇಂಗ್ಲಿಷಿನಲ್ಲಿ ಈ ಹೆಸರಿನ ಅರ್ಥವೇ 'ಕಿವಿಯ ಹುಳು'. ಜರ್ಮನ್ ಭಾಷೆಯಲ್ಲೂ ಹಾಗೇ ಕರೆಯುತ್ತಾರೆ. ಫ್ರೆಂಚರಂತೂ 'ಕಿವಿ ಚುಚ್ಚುವುದು' ಎಂದೇ ಹೆಸರಿಟ್ಟಿದ್ದಾರೆ. ಯೂರೋಪಿನಲ್ಲಿ ಶತಮಾನಗಳಿಂದ ಬಂದ ಈ ನಂಬಿಕೆ ಈಗ ಮೊಬೈಲಿನ ವಿಡಿಯೊಗಳ ಮೂಲಕ ನಮ್ಮ ಮನೆಗಳಿಗೂ ಬರುತ್ತಿದೆ.

ನಮ್ಮಲ್ಲಿ ಇದೇ ಭಯ ಬೇರೊಂದು ಜೀವಿಯ ಮೇಲಿದೆ. ನಾಗ್ಪುರದ ಮನೀಶ್ ನಗರದಂಥ ಬಡಾವಣೆಯಲ್ಲಿ ನೀವು ವಾಸವಿದ್ದರೆ, ಅಕ್ಕಪಕ್ಕದವರು ಜರಿಯನ್ನು (ಶತಪದಿ) ಹಿಂದಿಯಲ್ಲಿ 'ಕನ್‌ಖಜೂರಾ' ಎನ್ನುವುದನ್ನು ಕೇಳಿರುತ್ತೀರಿ. ಅದರಲ್ಲಿರುವ 'ಕಾನ್' ಎಂದರೆ ಕಿವಿಯೇ. ಮರಾಠಿಯಲ್ಲಿ ಅದನ್ನೇ 'ಗೋಮ್' ಎನ್ನುತ್ತಾರೆ. ಹೀಗಾಗಿ ಇಕ್ಕಳದ ಹುಳು ಕಂಡರೂ, ಬಹುಕಾಲಿನ ಜರಿ ಕಂಡರೂ ಮನೆಯವರಿಗೆ ಮೊದಲು ನೆನಪಾಗುವುದು ಕಿವಿ. ಆದರೆ ಇವೆರಡೂ ಬೇರೆ ಬೇರೆ. ಇಯರ್‌ವಿಗ್‌ಗೆ ಆರೇ ಕಾಲು, ವಿಷವಿಲ್ಲ. ಜರಿಗೆ ಹತ್ತಾರು ಕಾಲು, ಕಚ್ಚಿದರೆ ವಿಷ ಸೇರಿ ಜೋರು ಉರಿ, ಊತ ಬರುತ್ತದೆ. ಜರಿ ಕಚ್ಚಿದರೆ ಸೋಪು ನೀರಿನಿಂದ ತೊಳೆದು ತಣ್ಣನೆಯ ಬಟ್ಟೆ ಇಡಿ. ಊತ ಏರುತ್ತಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ, ಕಚ್ಚಿಸಿಕೊಂಡವರು ಚಿಕ್ಕ ಮಕ್ಕಳಾಗಿದ್ದರೆ ಆಸ್ಪತ್ರೆಗೆ ಹೋಗಿ.

ತಪ್ಪು ಕಲ್ಪನೆ 1: ಇಯರ್‌ವಿಗ್ ಮನುಷ್ಯರ ಕಿವಿಯನ್ನು ಹುಡುಕಿಕೊಂಡು ಬರುತ್ತದೆ

ವಾಸ್ತವ: ಇಲ್ಲ. ಅದಕ್ಕೆ ಬೇಕಾದ ಆಹಾರ ಕಿವಿಯಲ್ಲಿಲ್ಲ. ಇಕ್ಕಟ್ಟಾದ ಜಾಗ ಹುಡುಕುವ ಯಾವ ಹುಳುವಾದರೂ ನೆಲದ ಮೇಲೆ ಮಲಗಿದವರ ಕಿವಿಗೆ ಆಕಸ್ಮಿಕವಾಗಿ ಹೋಗಬಹುದು. ಇಯರ್‌ವಿಗ್ ಹಾಗೆ ಹೋದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿ ಇವೆ, ಆದರೆ ಬಹಳ ವಿರಳ.

ತಪ್ಪು ಕಲ್ಪನೆ 2: ತಮಟೆ ಕೊರೆದು ಮಿದುಳು ಸೇರುತ್ತದೆ

ವಾಸ್ತವ: ಕಿವಿಯ ರಚನೆ ತಿಳಿದರೆ ಈ ಭಯ ಹೋಗುತ್ತದೆ. ದೊಡ್ಡವರಲ್ಲಿ ಕಿವಿಯ ಹೊರನಾಳ ಸುಮಾರು 2.5 ಸೆಂಟಿಮೀಟರ್ ಉದ್ದ. ಅದರ ಕೊನೆಯಲ್ಲಿ ತಮಟೆ ಅಡ್ಡಗೋಡೆಯಂತೆ ನಿಂತಿದೆ. ತಮಟೆಯ ಹಿಂದೆ ನಡುಗಿವಿ, ಅದರಾಚೆ ಗಟ್ಟಿ ಮೂಳೆಯೊಳಗೆ ಒಳಗಿವಿ. ಮಿದುಳಿಗೂ ಇದಕ್ಕೂ ನಡುವೆ ತಲೆಬುರುಡೆಯ ಮೂಳೆ ಇದೆ. ಮೂಳೆ ಕೊರೆಯುವ ಶಕ್ತಿ ಈ ಹುಳುವಿನ ಬಾಯಿಗೂ ಇಲ್ಲ, ಇಕ್ಕಳಕ್ಕೂ ಇಲ್ಲ. ಆದರೆ ಒಳಗೆ ಸಿಕ್ಕಿಕೊಂಡ ಯಾವುದೇ ಹುಳು ಒದ್ದಾಡುವಾಗ ನಾಳದ ಚರ್ಮ ಮತ್ತು ತಮಟೆ ಗೀಚಿದಂತಾಗಿ ನೋವಾಗಬಹುದು. ತಮಟೆಯ ಹತ್ತಿರದ ಸಣ್ಣ ಅಲುಗಾಟವೂ ತಲೆಯೊಳಗೇ ಗುಡುಗಿದಂತೆ ಕೇಳುವುದರಿಂದ 'ಹುಳು ತಲೆಗೆ ಹತ್ತಿತು' ಎನಿಸುತ್ತದೆ.

ತಪ್ಪು ಕಲ್ಪನೆ 3: ಕಿವಿಯಲ್ಲಿ ಮೊಟ್ಟೆ ಇಡುತ್ತದೆ

ವಾಸ್ತವ: ಇಯರ್‌ವಿಗ್ ಇಡುವುದಿಲ್ಲ. ಆದರೆ ನೊಣ ಇಡಬಹುದು. ಬಹುದಿನಗಳಿಂದ ಕೀವು ಸೋರುವ ಕಿವಿಯ ವಾಸನೆಗೆ ನೊಣಗಳು ಬಂದು ಮೊಟ್ಟೆ ಇಡುತ್ತವೆ. ಒಂದೆರಡು ದಿನದೊಳಗೇ ಅವು ಮರಿಹುಳುಗಳಾಗಿ ಅಲ್ಲಿನ ಅಂಗಾಂಶವನ್ನು ತಿನ್ನತೊಡಗುತ್ತವೆ. ಕಿವಿ ಸೋರುವ ಮಕ್ಕಳು, ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆ ಇರುವ ಹಿರಿಯರು, ಮಧುಮೇಹ ಹತೋಟಿಯಲ್ಲಿಲ್ಲದವರಲ್ಲಿ ಈ ಅಪಾಯ ಹೆಚ್ಚು. ಕಿವಿಯಿಂದ ಕೆಟ್ಟ ವಾಸನೆ, ರಕ್ತ ಬೆರೆತ ಸೋರಿಕೆ, ತೀವ್ರ ನೋವು, ಬಿಳಿ ಹುಳುಗಳು ಕಾಣುವುದು ಇದರ ಲಕ್ಷಣ. ಅದೇ ದಿನ ಕಿವಿ, ಮೂಗು, ಗಂಟಲು ತಜ್ಞರ (ಇಎನ್‌ಟಿ) ಬಳಿ ಕರೆದೊಯ್ಯಿರಿ.

ತಪ್ಪು ಕಲ್ಪನೆ 4: ಇಕ್ಕಳದಲ್ಲಿ ವಿಷವಿದೆ

ವಾಸ್ತವ: ಇಲ್ಲ. ಕೈಯಲ್ಲಿ ಹಿಡಿದರೆ ಚಿವುಟಬಹುದು. ಚರ್ಮ ಹರಿಯುವುದು ಅಪರೂಪ. ಚಿವುಟಿದ ಜಾಗವನ್ನು ಸೋಪು ನೀರಿನಿಂದ ತೊಳೆದರೆ ಸಾಕು. ಕೆಲವು ಬಗೆಗಳು ಹೆದರಿದಾಗ ಕೆಟ್ಟ ವಾಸನೆಯ ದ್ರವ ಬಿಡುತ್ತವೆ. ಕೈ ತೊಳೆಯದೆ ಕಣ್ಣು ಉಜ್ಜಬೇಡಿ.

ತಪ್ಪು ಕಲ್ಪನೆ 5: ಇಯರ್‌ವಿಗ್ ಮೈಮೇಲೆ ಹರಿದರೆ ಗುಳ್ಳೆ ಏಳುತ್ತವೆ

ವಾಸ್ತವ: ಇಲ್ಲಿ ಹುಳು ಅದಲುಬದಲಾಗಿದೆ. ಮಳೆಗಾಲದಲ್ಲಿ ಟ್ಯೂಬ್‌ಲೈಟಿಗೆ ಬರುವ ಪೆಡೆರಸ್ ಎಂಬ ಪುಟ್ಟ ದುಂಬಿಯೂ ಉದ್ದವಾಗಿ, ಗಿಡ್ಡ ರೆಕ್ಕೆಯೊಂದಿಗೆ ಮೊದಲ ನೋಟಕ್ಕೆ ಇಯರ್‌ವಿಗ್‌ನಂತೆಯೇ ಕಾಣುತ್ತದೆ. ಆದರೆ ಅದು ಒಂದು ಸೆಂಟಿಮೀಟರಿಗಿಂತ ಚಿಕ್ಕದು, ಕೆಂಪು-ಕಿತ್ತಳೆ ಮತ್ತು ಕಪ್ಪು ಪಟ್ಟೆಯದು. ಹಿಂಬದಿಯಲ್ಲಿ ಇಕ್ಕಳವಿಲ್ಲ. ಅದು ಕಚ್ಚುವುದಿಲ್ಲ. ಮೈಮೇಲೆ ಅದನ್ನು ಹೊಸಕಿದಾಗ ಹೊರಬರುವ ಪೆಡೆರಿನ್ ಎಂಬ ರಸ ಚರ್ಮವನ್ನು ಸುಡುತ್ತದೆ. ಉರಿ ಆಗಲೇ ಕಾಣುವುದಿಲ್ಲ. ಒಂದೆರಡು ದಿನದ ನಂತರ ಗೆರೆ ಎಳೆದಂತೆ ಕೆಂಪಾಗಿ ಗುಳ್ಳೆ ಏಳುತ್ತದೆ. ಕುತ್ತಿಗೆ, ಮುಖ, ತೋಳಿನ ಮಡಿಕೆಗಳಲ್ಲಿ ಹೆಚ್ಚು.

ಇದನ್ನು ಅನೇಕರು ಸರ್ಪಸುತ್ತು ಎಂದುಕೊಂಡು ಮಂತ್ರ, ಲೇಪ ಎಂದು ದಿನ ಕಳೆಯುತ್ತಾರೆ. ನಾಗ್ಪುರದ ಕಡೆ ಸರ್ಪಸುತ್ತಿಗೆ 'ನಾಗೀಣ್' ಎನ್ನುತ್ತಾರೆ. ಎರಡೂ ಬೇರೆ. ಸರ್ಪಸುತ್ತು ವೈರಸ್ಸಿನಿಂದ ಬರುವ ಕಾಯಿಲೆ, ದೇಹದ ಒಂದೇ ಬದಿಯಲ್ಲಿ ಪಟ್ಟಿಯಂತೆ ಏಳುತ್ತದೆ, ಅದರ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಿದರೆ ಲಾಭ ಹೆಚ್ಚು. ಯಾವುದೆಂದು ತಿಳಿಯದಿದ್ದರೆ ಕಾಯದೆ ವೈದ್ಯರಿಗೆ ತೋರಿಸಿ. ದುಂಬಿ ಮೈಮೇಲೆ ಕೂತರೆ ಹೊಸಕಬೇಡಿ, ಊದಿ ಅಥವಾ ಕಾಗದದ ಮೇಲೆ ಹತ್ತಿಸಿ ತೆಗೆಯಿರಿ. ರಸ ತಾಗಿದ್ದರೆ ತಕ್ಷಣ ಸೋಪು ನೀರಿನಿಂದ ತೊಳೆಯಿರಿ. ಕಣ್ಣಿಗೆ ತಾಗಿದ್ದರೆ ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು ಕಣ್ಣಿನ ವೈದ್ಯರನ್ನು ಕಾಣಿ.

ತಪ್ಪು ಕಲ್ಪನೆ 6: ಕಿವಿಯಲ್ಲಿ ಹರಿದಾಡಿದಂತಾದರೆ ಒಳಗೆ ಹುಳು ಇದೆ ಎಂದೇ ಅರ್ಥ

ವಾಸ್ತವ: ಹುಳು ಹೋದರೆ ಸಾಮಾನ್ಯವಾಗಿ ಹಠಾತ್ತನೆ ಜೋರು ಸದ್ದು, ನೋವು ಶುರುವಾಗುತ್ತದೆ. ದಿನಗಟ್ಟಲೆ ತುರಿಕೆ, ಗುಯ್‌ಗುಟ್ಟುವಿಕೆ, ಕಟ್ಟಿದಂತಾಗುವುದು ಇದ್ದರೆ ಗಟ್ಟಿಯಾದ ಗುಗ್ಗೆ, ಶಿಲೀಂಧ್ರದ ಸೋಂಕು, ತಮಟೆಗೆ ತಾಗಿದ ಕೂದಲು, ನಾಳದ ಚರ್ಮದ ಅಲರ್ಜಿಯೂ ಕಾರಣವಿರಬಹುದು. ಮಳೆಗಾಲದಲ್ಲಿ ಶಿಲೀಂಧ್ರದ ಸೋಂಕು ಹೆಚ್ಚು. ಅದಕ್ಕೆ ಎಣ್ಣೆ ಹಾಕುವುದರಿಂದ ಗುಣವಾಗುವುದಿಲ್ಲ. ವೈದ್ಯರು ದೀಪದ ಉಪಕರಣದಿಂದ ನೋಡಿದರೆ ಕಾರಣ ನಿಮಿಷಗಳಲ್ಲೇ ತಿಳಿಯುತ್ತದೆ.

ಹಾಗಾದರೆ ಕಿವಿಗೆ ಹೋಗುವ ಹುಳುಗಳು ಯಾವುವು?

ಇಎನ್‌ಟಿ ವಿಭಾಗಗಳಿಗೆ ಬರುವ ಇಂಥ ಪ್ರಕರಣಗಳಲ್ಲಿ ಜಿರಳೆಯದೇ ದೊಡ್ಡ ಪಾಲು. ಒಳಹೊಕ್ಕ ಜಿರಳೆಗೆ ಇಕ್ಕಟ್ಟಿನಲ್ಲಿ ಹಿಂದಿರುಗಿ ಬರುವುದು ಕಷ್ಟ. ಇರುವೆ, ಪತಂಗ, ಸಣ್ಣ ದುಂಬಿ, ನೊಣಗಳೂ ಹೋಗುತ್ತವೆ.

ಉಣುಗು (ಉಣ್ಣೆ) ಬೇರೆಯೇ ಮಾತು. ಕಾಡಂಚಿನ ಊರುಗಳಲ್ಲಿ, ದನಕರು, ನಾಯಿಗಳ ಒಡನಾಟ ಇರುವವರಲ್ಲಿ ಅದು ಕಿವಿಯೊಳಗೆ ಕಚ್ಚಿ ಹಿಡಿಯುತ್ತದೆ. ಎಣ್ಣೆ ಹಾಕಿ, ಎಳೆದು ಕೀಳಲು ಹೋದರೆ ಬಾಯಿಯ ಭಾಗ ಒಳಗೇ ಉಳಿಯಬಹುದು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ. ಆ ಭಾಗಗಳಿಂದ ಬಂದವರಿಗೆ ಉಣುಗು ಕಚ್ಚಿ, ಮುಂದಿನ ದಿನಗಳಲ್ಲಿ ಹಠಾತ್ ಜ್ವರ, ತಲೆನೋವು, ಮೈಕೈ ನೋವು ಬಂದರೆ, ಉಣುಗು ಕಚ್ಚಿದ ವಿಷಯವನ್ನು ವೈದ್ಯರಿಗೆ ಮರೆಯದೆ ಹೇಳಿ. ರಜೆಯಲ್ಲಿ ಮಲೆನಾಡಿಗೆ ಹೋಗಿ ನಾಗ್ಪುರಕ್ಕೆ ಮರಳಿದ ಮೇಲೆ ಜ್ವರ ಬಂದರೆ ಇದು ಇನ್ನೂ ಮುಖ್ಯ. ಅಲ್ಲಿನ ವೈದ್ಯರಿಗೆ ನೀವು ಎಲ್ಲಿಗೆ ಹೋಗಿದ್ದಿರೆಂಬುದು ಹೇಳದೆ ತಿಳಿಯುವುದಿಲ್ಲ.

ಕಿವಿಗೆ ಹುಳು ಹೋದಾಗ ಮನೆಯಲ್ಲಿ ಏನು ಮಾಡಬೇಕು?

1. ಕೂರಿಸಿ, ಸಮಾಧಾನ ಹೇಳಿ. ಮಗುವಾದರೆ ಮಡಿಲಲ್ಲಿ ಕೂರಿಸಿಕೊಂಡು ಕೈ ಹಿಡಿದುಕೊಳ್ಳಿ. ಬೆರಳು ಹಾಕಲು ಬಿಡಬೇಡಿ.

2. ತೊಂದರೆಯ ಕಿವಿ ಕೆಳಗೆ ಬರುವಂತೆ ತಲೆ ವಾಲಿಸಿ, ಕಿವಿಯ ಹಾಲೆಯನ್ನು ಮೆಲ್ಲಗೆ ಅಲುಗಿಸಿ. ಕೆಲವೊಮ್ಮೆ ಹುಳು ತಾನೇ ಹೊರಬರುತ್ತದೆ. ತಲೆಗೆ ಹೊಡೆಯಬೇಡಿ.

3. ಬರದಿದ್ದರೆ, ಎಣ್ಣೆ ಹಾಕುವ ಮೊದಲು ಇದನ್ನು ಕೇಳಿಕೊಳ್ಳಿ: ಈ ಕಿವಿ ಹಿಂದೆ ಸೋರುತ್ತಿತ್ತೇ? ತಮಟೆಯಲ್ಲಿ ತೂತಿದೆ ಎಂದು ವೈದ್ಯರು ಹೇಳಿದ್ದರೇ? ಕಿವಿಯ ಆಪರೇಷನ್ ಆಗಿದೆಯೇ, ಕೊಳವೆ ಹಾಕಿದ್ದಾರೆಯೇ? ಈಗ ರಕ್ತ ಬರುತ್ತಿದೆಯೇ? ಉಣುಗು ಇರಬಹುದೆಂಬ ಅನುಮಾನವಿದೆಯೇ? ಒಂದಕ್ಕೆ ಹೌದು ಎಂದಾದರೂ, ಉತ್ತರ ಗೊತ್ತಿಲ್ಲದಿದ್ದರೂ ಏನನ್ನೂ ಹಾಕದೆ ಆಸ್ಪತ್ರೆಗೆ ಹೋಗಿ. ಒಂದು ವರ್ಷದೊಳಗಿನ ಮಗುವಿಗೂ ಹಾಗೇ.

4. ಇವು ಯಾವುವೂ ಇಲ್ಲ, ಜೀವಂತ ಹುಳು ಒದ್ದಾಡುತ್ತಿದೆ ಎಂದಾದರೆ, ತೊಂದರೆಯ ಕಿವಿ ಮೇಲೆ ಬರುವಂತೆ ಮಲಗಿಸಿ. ಕೊಬ್ಬರಿ ಎಣ್ಣೆ ಅಥವಾ ಬೇಬಿ ಆಯಿಲನ್ನು ಮೈಯಷ್ಟೇ ಬೆಚ್ಚಗೆ ಮಾಡಿಕೊಳ್ಳಿ. ನಿಮ್ಮ ಮುಂಗೈ ಒಳಭಾಗಕ್ಕೆ ಒಂದು ಹನಿ ಬಿಟ್ಟು ನೋಡಿ, ಬಿಸಿ ಅಥವಾ ತಣ್ಣಗೆ ಅನ್ನಿಸಬಾರದು. ಎಣ್ಣೆ ಬಿಸಿಯಿದ್ದರೆ ಸುಡುತ್ತದೆ, ತಣ್ಣಗಿದ್ದರೆ ತಲೆ ಸುತ್ತು ಬರುತ್ತದೆ.

5. ದೊಡ್ಡವರಾದರೆ ಕಿವಿಯ ಹಾಲೆಯನ್ನು ಮೇಲಕ್ಕೆ ಮತ್ತು ಹಿಂದಕ್ಕೆ, ಪುಟ್ಟ ಮಕ್ಕಳಾದರೆ ಕೆಳಕ್ಕೆ ಮತ್ತು ಹಿಂದಕ್ಕೆ ಎಳೆದು, ಕೆಲವು ಹನಿ ಬಿಡಿ. ಗಾಳಿ ಸಿಗದೆ ಹುಳು ಕೆಲವು ನಿಮಿಷಗಳಲ್ಲಿ ಸಾಯುತ್ತದೆ. ಸದ್ದು, ನೋವು ಇಳಿಯುತ್ತದೆ. ನಂತರ ತಲೆ ವಾಲಿಸಿ ಎಣ್ಣೆ ಹೊರಬರಲು ಬಿಡಿ.

6. ಹುಳು ಹೊರಬಂದಂತೆ ಕಂಡರೂ, ಬರದಿದ್ದರೂ ವೈದ್ಯರಿಗೆ ತೋರಿಸಿ. ಕಾಲು, ರೆಕ್ಕೆಯ ಚೂರು ಒಳಗೆ ಉಳಿದರೆ ಸೋಂಕಾಗುತ್ತದೆ.

ಈ ಎಣ್ಣೆಯ ಉಪಾಯ ಜೀವಂತ ಹುಳುವಿಗೆ ಮಾತ್ರ. ಮಗು ಕಾಳು, ಮಣಿ ಹಾಕಿಕೊಂಡಿದ್ದರೆ ಏನೂ ಹಾಕಬೇಡಿ. ಗುಂಡಿಯಾಕಾರದ ಬ್ಯಾಟರಿಯಾಗಿದ್ದರೆ ಅದು ತುರ್ತು ಪರಿಸ್ಥಿತಿ, ಗಂಟೆಗಳೊಳಗೆ ಕಿವಿಯ ಒಳಭಾಗವನ್ನು ಸುಡಬಲ್ಲದು.

ಮಾಡಬಾರದವು

- ಹೇರ್‌ಪಿನ್, ಬೆಂಕಿಕಡ್ಡಿ, ಇಯರ್‌ಬಡ್, ಚಿಮಟ ಹಾಕುವುದು. ಹುಳು ಇನ್ನೂ ಒಳಗೆ ಹೋಗುತ್ತದೆ, ತಮಟೆಗೆ ತೂತಾಗುವುದೂ ಹೀಗೆಯೇ.
- ಬೆಳ್ಳುಳ್ಳಿ ಹಾಕಿ ಕಾಯಿಸಿದ ಬಿಸಿ ಎಣ್ಣೆ, ಸೀಮೆಎಣ್ಣೆ, ಸ್ಪಿರಿಟ್, ಸೊಪ್ಪಿನ ರಸ, ಕೀಟನಾಶಕ ಹಾಕುವುದು.
- ಬೀದಿಯಲ್ಲಿ ಕಿವಿ ಶುಚಿ ಮಾಡುವವರಿಂದ ತೆಗೆಸುವುದು.
- ಕತ್ತಲಲ್ಲಿ ಟಾರ್ಚ್ ಹಿಡಿದರೆ ಹುಳು ಬರುತ್ತದೆಂದು ನಂಬಿ ಕಾಯುವುದು. ಜಿರಳೆ ಬೆಳಕು ಕಂಡರೆ ದೂರ ಓಡುವ ಹುಳು.

ಯಾವಾಗ ತಡಮಾಡಬಾರದು?

ಕಿವಿಯಿಂದ ರಕ್ತ ಅಥವಾ ಕೀವು, ತಲೆ ಸುತ್ತು, ವಾಂತಿ, ಕಿವಿ ಕೇಳಿಸದಿರುವುದು, ಹೆಚ್ಚುತ್ತಿರುವ ನೋವು, ಜ್ವರ, ಕಿವಿಯ ಹಿಂದೆ ಊತ, ಮುಖ ಒಂದು ಬದಿಗೆ ಸೊಟ್ಟಗಾಗುವುದು. ಇವುಗಳಲ್ಲಿ ಯಾವುದಿದ್ದರೂ ಬೆಳಗಾಗಲೆಂದು ಕಾಯಬೇಡಿ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಬಹುದು. ಮನೀಶ್ ನಗರದವರಿಗೆ ವರ್ಧಾ ರಸ್ತೆಯ ಕಡೆ ಮಿಹಾನ್‌ನಲ್ಲಿರುವ ಏಮ್ಸ್ ಇದೆ. ನಗರದೊಳಗೆ, ಜನ 'ಮೆಡಿಕಲ್' ಎಂದು ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮತ್ತು 'ಮೇಯೋ' ಎನ್ನುವ ಇಂದಿರಾ ಗಾಂಧಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ. ಕರ್ನಾಟಕದಲ್ಲಾದರೆ ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ವೈದ್ಯರು ಮೊದಲು ದೀಪದ ಉಪಕರಣದಿಂದ ಕಿವಿ ನೋಡುತ್ತಾರೆ. ಹುಳು ಬದುಕಿದ್ದರೆ ಎಣ್ಣೆ ಅಥವಾ ಮರಗಟ್ಟಿಸುವ ಔಷಧಿ ಹಾಕಿ ಅದನ್ನು ಸಾಯಿಸುತ್ತಾರೆ. ನಂತರ ಸಣ್ಣ ಚಿಮಟದಿಂದ ಹಿಡಿದು, ಹೀರುವ ಯಂತ್ರದಿಂದ ಎಳೆದು ಅಥವಾ ನೀರು ಹಾಯಿಸಿ ತೆಗೆಯುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಕೆಲವೇ ನಿಮಿಷದ ಕೆಲಸ. ಅಲುಗಾಡುವ ಚಿಕ್ಕ ಮಕ್ಕಳಿಗೆ ಮಂಪರು ಬರುವ ಔಷಧಿ ಬೇಕಾಗಬಹುದು. ಕೊನೆಯಲ್ಲಿ ತಮಟೆಯನ್ನು ಪರೀಕ್ಷಿಸಿ, ಗಾಯವಿದ್ದರೆ ಹನಿ ಔಷಧಿ ಬರೆಯುತ್ತಾರೆ. ಗಾಯ ಆರುವವರೆಗೆ ಸ್ನಾನದಲ್ಲಿ ಕಿವಿಗೆ ನೀರು ಹೋಗದಂತೆ ನೋಡಿಕೊಳ್ಳಿ. ಮನೆಯಲ್ಲಿ ಈಗಾಗಲೇ ಏನಾದರೂ ಹಾಕಿದ್ದರೆ ಮುಚ್ಚಿಡದೆ ಹೇಳಿ. ಬೈಸಿಕೊಳ್ಳುವ ಭಯಕ್ಕಿಂತ ಕಿವಿ ಮುಖ್ಯ.

ಆರೈಕೆ ಮಾಡುವವರು ಗಮನಿಸಬೇಕಾದದ್ದು

ಮಾತು ಬಾರದ ಮಗು ಹಠಾತ್ತನೆ ಚೀರಿ ಒಂದೇ ಕಿವಿ ಹಿಡಿದುಕೊಂಡರೆ ಹುಳುವಿನ ಸಾಧ್ಯತೆಯನ್ನೂ ನೆನಪಿಡಿ. ಪಾರ್ಶ್ವವಾಯು ಅಥವಾ ಮರೆವಿನ ಕಾಯಿಲೆ ಇರುವವರು ತಮಗಾದ ತೊಂದರೆ ಹೇಳಲಾರರು. ತಲೆ ಕೊಡವುವುದು, ಕಿವಿ ಕೆರೆಯುವುದು, ಇದ್ದಕ್ಕಿದ್ದಂತೆ ಕಿರುಚಾಡುವುದೇ ಅವರ ಭಾಷೆ. 'ಕಿವಿಯಲ್ಲಿ ಹುಳು' ಎಂದು ಅವರು ಹೇಳಿದರೆ ಭ್ರಮೆ ಎಂದು ತಳ್ಳಿಹಾಕುವ ಮೊದಲು ಒಮ್ಮೆ ಕಿವಿ ತೋರಿಸಿ. ಅವರ ಕಿವಿ ಸೋರುತ್ತಿದ್ದರೆ ಹೊರಭಾಗವನ್ನು ದಿನವೂ ಒರೆಸಿ, ಸೊಳ್ಳೆಪರದೆ ಕಟ್ಟಿ. ನೊಣಗಳಿಂದ ರಕ್ಷಣೆಗೆ ಹಗಲಿನಲ್ಲೂ ಪರದೆ ಬೇಕು. ಶ್ರವಣ ಯಂತ್ರ ಬಳಸುವವರ ಕಿವಿಯನ್ನು ಯಂತ್ರ ತೆಗೆದಾಗಲೆಲ್ಲ ಒಮ್ಮೆ ನೋಡಿ.

ಮನೆಯಲ್ಲಿ ಹುಳು ಕಡಿಮೆ ಮಾಡುವುದು

ನಾಗ್ಪುರದ ಬೇಸಿಗೆಯಲ್ಲಿ ಕೂಲರ್ ಇಲ್ಲದ ಮನೆ ಅಪರೂಪ. ಸದಾ ಒದ್ದೆಯಾಗಿರುವ ಹುಲ್ಲಿನ ಪ್ಯಾಡು, ಕೆಳಗೆ ನಿಂತ ನೀರು, ಕಿಟಕಿಗೂ ಕೂಲರಿಗೂ ನಡುವಿನ ಸಂದು ಇವು ತೇವ ಬಯಸುವ ಹುಳುಗಳಿಗೆ ಅನುಕೂಲದ ಜಾಗ. ಜೂನ್ ಮಧ್ಯದಲ್ಲಿ ಮಳೆ ಹಿಡಿದ ಮೇಲೆ ಕೂಲರ್ ನಿಲ್ಲಿಸಿದರೆ ನೀರು ಖಾಲಿ ಮಾಡಿ, ಪ್ಯಾಡು ತೆಗೆದು, ತೊಟ್ಟಿ ಒಣಗಿಸಿ ಇಡಿ. ಬಳಸುವ ತಿಂಗಳುಗಳಲ್ಲಿ ವಾರಕ್ಕೊಮ್ಮೆ ನೀರು ಚೆಲ್ಲಿ, ತೊಟ್ಟಿ ಉಜ್ಜಿ ತೊಳೆಯಿರಿ. ಡೆಂಗಿ ಸೊಳ್ಳೆಯೂ ಅಲ್ಲೇ ಬೆಳೆಯುವುದರಿಂದ ಇದರಿಂದ ಎರಡು ಲಾಭ.

ಕಿಟಕಿ ಸಂದುಗಳನ್ನು ಮುಚ್ಚಿ. ಬಚ್ಚಲಿನ ಜಾಲಿ ಸರಿಪಡಿಸಿ. ರಾತ್ರಿ ಎಂಜಲು ಪಾತ್ರೆ ಬಿಡಬೇಡಿ, ಜಿರಳೆ ಬರುವುದು ಅದಕ್ಕೇ. ಮಕ್ಕಳ ಬಾಯಿ, ಕಿವಿ ಒರೆಸಿ ಮಲಗಿಸಿ. ಸಾಧ್ಯವಾದರೆ ನೆಲದ ಬದಲು ಮಂಚದ ಮೇಲೆ, ಸೊಳ್ಳೆಪರದೆಯೊಳಗೆ ಮಲಗಿ. ಇಯರ್‌ವಿಗ್ ಕಂಡರೆ ಕಾಗದದ ಮೇಲೆ ಹತ್ತಿಸಿ ಹೊರಗೆ ಬಿಡಿ, ತೋಟದಲ್ಲಿ ಅದು ಗಿಡಹೇನು ತಿನ್ನುತ್ತದೆ. ಅದೊಂದಕ್ಕಾಗಿ ಮಲಗುವ ಕೋಣೆಗೆ ಕೀಟನಾಶಕ ಸಿಂಪಡಿಸಬೇಕಿಲ್ಲ. ಉಬ್ಬಸ ಇರುವವರಿಗೆ, ಮಕ್ಕಳಿಗೆ ಆ ಸಿಂಪಡಣೆಯೇ ಹೆಚ್ಚು ತೊಂದರೆ.

ನೆನಪಿಡಿ

ಇಕ್ಕಳದ ಹುಳು ಕಂಡರೆ ನಿಮ್ಮ ಕಿವಿಗೆ ಅಪಾಯವಿಲ್ಲ. ಯಾವುದೇ ಹುಳು ಕಿವಿಗೆ ಹೋದರೆ ಅದನ್ನು ತೆಗೆಯುವ ದಾರಿ ಇದೆ, ಸಾಮಾನ್ಯವಾಗಿ ಪೂರ್ತಿ ಗುಣವೂ ಆಗುತ್ತದೆ. ಆದರೆ ಪಿನ್ನಿನಿಂದ ತೂತಾದ ತಮಟೆಗೆ ಕೆಲವೊಮ್ಮೆ ಆಪರೇಷನ್ನೇ ಬೇಕಾಗುತ್ತದೆ. ಮನೆಯಲ್ಲಿ ಯಾರದಾದರೂ ಕಿವಿ ಸೋರುತ್ತಿದ್ದರೆ ಹುಳು ಬರುವವರೆಗೆ ಕಾಯದೆ ಈ ವಾರವೇ ವೈದ್ಯರಿಗೆ ತೋರಿಸಿ.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಅಥವಾ ನೀವು ನೋಡಿಕೊಳ್ಳುತ್ತಿರುವವರ ಸ್ಥಿತಿಗೆ ತಕ್ಕ ಚಿಕಿತ್ಸೆಯನ್ನು ವೈದ್ಯರನ್ನು ಕೇಳಿಯೇ ಪಡೆಯಿರಿ.